ಮೂರನೆಯ ಮೃಗಾಂಕನ ವಿಚಾರವಾಗಿ ಒಬ್ಬ ಅತ್ತೆಯ ಅರಿಕೆ

ಕೋಲ್ಕತ್ತಾದ ಟೀವಿ ಚಾನೆಲ್ಲಿನ ಧಾರಾವಾಹಿ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ, ಚಂದನನಗರದಿಂದ.

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಮನೆಗೆ ತಮ್ಮ ಅಳಿಯಂದಿರು ಈಗಲೂ ಊಟಕ್ಕೆ ಬರುತ್ತಿದ್ದಾರೆಂದೂ ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನಾನು ಏಳನೇ ಕ್ಲಾಸಿನ ನಡುವೆಯೇ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಳ್ಳಿ. ದೊಡ್ಡವರು ಬರೆದದ್ದನ್ನೇ ತಿದ್ದುವ ತಮಗೆ ಇದು ಯಾವ ಲೆಕ್ಕ.

ನಮ್ಮ ಬಂಗಾಳದಲ್ಲಿ ಮೃಗಾಂಕನ ಪ್ರೇಮಕಥೆ ಗೊತ್ತಿಲ್ಲದವರಿಲ್ಲ. ಪ್ರೀತಿಸಿದವಳ ಮದುವೆಯ ದಿನ, ಅವಳು ಮರೆತುಹೋದ ಕೊಡೆಯನ್ನು ಕೊಡಲು ಬಂದು ಅವಳ ಮನೆಯೆದುರು ಮಳೆಯಲ್ಲಿ ನಿಲ್ಲುತ್ತಾನಲ್ಲ, ಅವನೇ. ಹಳೆಯ ಕಪ್ಪುಬಿಳುಪು ಸಿನಿಮಾದ ಮೃಗಾಂಕ ಕೊಡೆ ಬಿಚ್ಚದೆ ಸುಮ್ಮನೆ ನೆನೆದ. ತಮ್ಮ ಧಾರಾವಾಹಿಯ ಮೃಗಾಂಕ ಕೊಡೆ ಎಸೆದು, ಅಂಗಿಯ ಗುಂಡಿ ಕಿತ್ತುಕೊಂಡು, ಗೇಟು ಹತ್ತಿದ. ನಮ್ಮ ಯಜಮಾನರು ಹರಿಸಾಧನಬಾಬು ಮೊದಲನೆಯವನ ಪಕ್ಷ. ಅಳಿಯ ದೇಬಾಂಜನ ಎರಡನೆಯವನ ಅಭಿಮಾನಿ ಬಳಗವನ್ನು ಫೇಸ್‌ಬುಕ್ಕಿನಲ್ಲಿ ನಡೆಸುವವನು.

ಹೋದ ವರ್ಷದ ಜಾಮಾಯಿ ಷಷ್ಠಿಯಂದು, ಎಂದರೆ ಅತ್ತೆಯಾದವಳು ಅಳಿಯನ ಕೈಗೆ ಹಳದಿ ದಾರ ಕಟ್ಟಿ, ತಾಳೆಗರಿಯ ಬೀಸಣಿಗೆ ಬೀಸಿ ಉಣಬಡಿಸುವ ದಿನ, ಸರಿಯಾಗಿ ಊಟದ ಹೊತ್ತಿಗೆ ಆ ಗೇಟು ಹತ್ತುವ ಕಂತನ್ನೇ ಮರುಪ್ರಸಾರ ಮಾಡಿದ ತಮ್ಮ ಸಮಯಪ್ರಜ್ಞೆಗೆ ಕೈಮುಗಿಯುತ್ತೇನೆ. "ಏನು ಬಾಬಾಜೀವನ, ನಿಮ್ಮ ಹೀರೋ ಪ್ರೇಮಿಯೋ, ಕರೆಂಟ್ ಕಂಬ ರಿಪೇರಿಯವನೋ?" ಎಂದರು ಇವರು, ಅಳಿಯನನ್ನು ನಮ್ಮಲ್ಲಿ ಬಾಬಾಜೀವನ ಎಂದೇ ಕರೆಯುವುದು. "ನಿಮ್ಮವನು ನಿಂತಿದ್ದು ನೋಡಿದ್ರೆ ಬಸ್ಸಿಗೆ ಕಾಯ್ತಿದ್ದ ಹಾಗಿತ್ತು ಬಾಬಾ," ಎಂದ ಅವನು. "ಬಸ್ಸಿಗೆ ಕಾಯೋಕೂ ಒಂದು ಸಂಸ್ಕಾರ ಬೇಕಪ್ಪ," ಎಂದರು ಇವರು. ಇಲಿಶ್ ಮೀನನ್ನು ಎಲೆಯಲ್ಲೇ ಬಿಟ್ಟು ಅಳಿಯ ಎದ್ದ. ಮಗಳು ಟುಂಪಾ ಚಪ್ಪಲಿ ಹಾಕಿಕೊಳ್ಳುತ್ತಾ, "ಮಾ, ನಾನು ಯಾರ ಕಡೆ ಅಂತ ಮಾತ್ರ ಕೇಳಬೇಡ," ಎಂದು ಅವನ ಹಿಂದೆಯೇ ಹೋದಳು. ಅಂದಿನಿಂದ ಇಬ್ಬರೂ ಹೊಸ್ತಿಲು ತುಳಿದಿಲ್ಲ. ಬೀಸಣಿಗೆ ಹಿಡಿದು ನಿಂತಿದ್ದ ನಾನು ಯಾರಿಗೆ ಗಾಳಿ ಹಾಕಬೇಕೆಂದು ತಿಳಿಯದೆ ಟೀವಿಗೇ ಹಾಕಿದೆ, ಸ್ವೀಕರಿಸಿದ್ದೀರೆಂದು ಭಾವಿಸುತ್ತೇನೆ.

ಈಗ ಮತ್ತೆ ಷಷ್ಠಿ ಬರುತ್ತಿದೆ, ತಾವೋ ಹೊಸ ಧಾರಾವಾಹಿಯಲ್ಲಿ ಮೂರನೆಯ ಮೃಗಾಂಕನನ್ನು ತರುತ್ತಿದ್ದೀರಿ. ಇಬ್ಬರಿಗೇ ಈ ಗತಿಯಾದರೆ ಮೂವರಿಗೆ ಏನಾದೀತೆಂದು ನನಗೆ ನಿದ್ದೆಯಿಲ್ಲ. ಬಸುರಿ ಮಗಳು ಹೆರಿಗೆಗಾದರೂ ತವರಿಗೆ ಬರುವಳೋ ಇಲ್ಲವೋ. ಆದ್ದರಿಂದ ತಮ್ಮಂಥ ಕಲಾಪೋಷಕರಲ್ಲಿ ಸಣ್ಣ ಬೇಡಿಕೆಗಳು: ಹೊಸ ಮೃಗಾಂಕ ಒಂದು ಕಾಲನ್ನು ಗೇಟಿನ ಮೇಲಿಟ್ಟು ಇನ್ನೊಂದು ಕಾಲಲ್ಲಿ ಸುಮ್ಮನೆ ನಿಂತಿರಲಿ. ಅದಾಗದಿದ್ದರೆ ನಾಯಕಿಯೇ ಹೊರಬಂದು ಕೊಡೆ ಇಸಿದುಕೊಂಡು ಕಳಿಸಿಬಿಡಲಿ, ಕಥೆ ಮೊದಲ ಕಂತಿಗೇ ಮುಗಿದು ನಾವೆಲ್ಲ ಊಟ ಮಾಡೋಣ. ಅದೂ ಆಗದಿದ್ದರೆ ಷಷ್ಠಿಯಂದು ತಾವೇ ಬಂದು ಅಳಿಯನ ಮಣೆಯ ಮೇಲೆ ಕೂರಿ. ಬಡಿಸಿದ್ದನ್ನೆಲ್ಲ ಮುಗಿಸದೆ ಏಳಲು ಮಾತ್ರ ನಾನು ಬಿಡುವುದಿಲ್ಲ.

ಚಾನೆಲ್ ಬದಲಿಸಲು ರಿಮೋಟು ಕೈಗೆ ಸಿಗದ,
ತಮ್ಮ ವಿಶ್ವಾಸಿ
ಬೀಥಿಕಾ ಸಮಾದ್ದಾರ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ತಮ್ಮ ಹೊಸ ಮೃಗಾಂಕನ ಜಾಹೀರಾತು ಬಂತು, ಕಪ್ಪು ಕನ್ನಡಕ, ಮೋಟಾರ್ ಬೈಕು, ಹಿಂದೆ ನಾಲ್ಕು ಜನ ಕುಣಿಯುವವರು. ಯಜಮಾನರು ತಾವಾಗಿಯೇ ಫೋನು ಮಾಡಿ, "ಬಾಬಾಜೀವನ, ನೋಡಿದೆಯಾ?" ಎಂದರು. "ನೋಡಿದೆ ಬಾಬಾ. ಇವನಿಗಿಂತ ನಿಮ್ಮವನೇ ವಾಸಿ." "ನಿನ್ನವನೂ ಪರವಾಗಿಲ್ಲ ಬಿಡು." ತಮ್ಮನ್ನು ನೆಮ್ಮದಿಯಾಗಿ ಕೂತು ಬೈಯಲು ಅಳಿಯ ಷಷ್ಠಿಗೆ ಬರುತ್ತಿದ್ದಾನೆ, ಮಗಳೂ ಜೊತೆಗೆ. ಆದಕಾರಣ ಮೇಲಿನ ಬೇಡಿಕೆಗಳೆಲ್ಲ ರದ್ದು; ಧಾರಾವಾಹಿ ದಯವಿಟ್ಟು ಬರಲಿ, ಹೆರಿಗೆಯವರೆಗೂ ನಡೆಯಲಿ. ತಾವು ಅಪ್ಪಿತಪ್ಪಿ ಅದನ್ನು ಚೆನ್ನಾಗಿ ತೆಗೆದುಬಿಟ್ಟರೆ ಎಂಬ ಚಿಂತೆ ಒಂದು ಕ್ಷಣ ಬಂದದ್ದು ನಿಜ. ತಮ್ಮ ಚಾನೆಲ್ಲನ್ನು ಬಹುಕಾಲದಿಂದ ನೋಡುತ್ತಿರುವವಳಾಗಿ, ಕೂಡಲೇ ಸಮಾಧಾನವಾಯಿತು.