ಚಾಕು ನೋಡಿ ಊರು ಹೇಳುತ್ತಿದ್ದ ಕಾಲ

ಮನುಷ್ಯನಿಗೆ ಒಂದು ಸಣ್ಣ ವಿದ್ಯೆ ಬರುತ್ತದೆ ಎಂದು ನಾಲ್ಕು ಜನಕ್ಕೆ ಗೊತ್ತಾದರೆ ಸಾಕು, ಆಮೇಲೆ ಇಂಥ ಪ್ರಸಂಗಗಳು ತಾವಾಗಿಯೇ ಅವನನ್ನು ಹುಡುಕಿಕೊಂಡು ಬರುತ್ತವೆ. ನನ್ನ ವಿದ್ಯೆ ಚಾಕುವಿನದು. ಚಾಕು ಎಂದರೆ ಮಡಚಿ ಕಿಸೆಯಲ್ಲಿ ಇಟ್ಟುಕೊಳ್ಳುವಂಥದ್ದು, ಅಡಿಗೆಮನೆಯದಲ್ಲ. ಐವತ್ತರ ದಶಕದಲ್ಲಿ ನಾನು ರೋಣದ ಒಂದು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಇಂಥ ಚಾಕುವಿನ ಅಲಗಿನ ಬುಡದಲ್ಲಿ, ಅಂದರೆ ಅಲಗು ಹಿಡಿಗೆ ಸೇರುವ ಕಡೆ, ತಯಾರಿಸಿದವರು ಸಣ್ಣ ಅಕ್ಷರಗಳ ಅಚ್ಚು ಹೊಡೆದಿರುತ್ತಾರೆ. ಅದನ್ನು ಓದಿದರೆ ಎಲ್ಲಿಯದು ಎಂದು ತಿಳಿಯುತ್ತದೆ. ಸ್ವಲ್ಪ ತಲೆ ಓಡಿಸಿದರೆ ಯಾವಾಗಿನದು ಎಂದೂ ತಿಳಿಯುತ್ತದೆ. ವಿದ್ಯೆ ಇಷ್ಟೇ. ಆದರೆ ನನ್ನ ಮದುವೆ ಕೂಡಿಬಂದದ್ದು ಇದರಿಂದಲೇ.

ಅದಕ್ಕೆ ಮೊದಲು ಬಂದ ಸಂಬಂಧಗಳೆಲ್ಲ "ಅಂಗಡ್ಯಾಗ ಮೊಳಿ ತೂಗೂ ಹುಡುಗಗ ಹೆಣ್ಣು ಹ್ಯಾಂಗ ಕೊಡೂದು" ಎಂದು ಹಿಂದೆ ಹೋಗಿದ್ದವು. ಹಾಗಾಗಿ ನಮ್ಮವ್ವ "ನನ್ನ ಮಗಾ ಮೊಳಿ ತೂಗಾವಲ್ಲ, ಚಾಕು ಪರೀಕ್ಷಾ ಮಾಡಾವ" ಎಂದು ಸಿಕ್ಕವರಿಗೆಲ್ಲ ಹೇಳತೊಡಗಿದಳು. ಅಲ್ಲಿಂದ ಶುರುವಾಯಿತು.

೧. ಸಾಣಿ ಹಿಡಿಸಿದ ಚಾಕು

ಯಾವಗಲ್ಲಿನ ರೈತರೊಬ್ಬರು ಒಂದು ಹಳೆಯ ಚಾಕು ತಂದರು. ಕಿಲುಬು ಹಿಡಿದು ಕರ್ರಗಾಗಿತ್ತು. ನನ್ನ ಕೈ ತುಂಬ ಕೆಲಸವಿತ್ತು.

"ನಾಳೆ ಬರ್ರಿ, ಸಾವಕಾಶ ನೋಡೂಣು. ಆ ಕಿಲುಬು ಸ್ವಲ್ಪ ಒರಸ್ಕೊಂಡು ಬರ್ರಿ" ಅಂದೆ.

ಮರುದಿನ ಮುಂಜಾನೆ ಬಂದರು. ಚಾಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ತಿರುಗಿಸಿ ನೋಡಿದೆ, ಬುಡ ನೋಡಿದೆ, ಬೆನ್ನು ನೋಡಿದೆ. ಒಂದು ಅಕ್ಷರವೂ ಇಲ್ಲ.

"ಇದರ ಮ್ಯಾಲೆ ಬರದದ್ದು ಎಲ್ಲಿ ಹೋತ್ರಿ?"

"ಏನೋ ಗೀಚಿದಾಂಗ ಇತ್ತರಿ. ನೀವು ನೋಡಾವರು ಅಂತ, ಈಗ ಬರೂವಾಗ ಇಲ್ಲೇ ಸಂತಿಪ್ಯಾಟಿ ಸಾಣಿಯವನ ಕಡೆ ಎರಡೂ ಬಾಜೂ ಹಿಡಿಸಿ ಸಾಪ ಮಾಡಿಸೀನ್ರಿ. ಈಗ ಹೇಳ್ರಿ, ಎಲ್ಲಿಂದು, ಯಾವಾಗಿಂದು?"

"ಈಗ ಇದು ರೋಣದ್ದರಿ," ಅಂದೆ. "ಇವತ್ತ ಮುಂಜಾನೆ ತಯಾರಾಗೇತಿ."

ಅವರು ಬಹಳ ಸಂತೋಷದಿಂದ ಹೋದರು. ಹೊಸ ಚಾಕು ಎಂದು ಊರಲ್ಲೆಲ್ಲ ತೋರಿಸಿದರಂತೆ.

೨. ಕುಂತಲ್ಲೇ ದಾಟಿದ್ದು

ಇನ್ನೊಂದು ದಿನ ಗಜೇಂದ್ರಗಡದ ಅರಿವೆ ವ್ಯಾಪಾರಿಯೊಬ್ಬರು ಬಂದರು. ಬೀಗ ಕೇಳಿದರು, ಬಾಗಿಲಿನ ಬಿಜಾಗರಿ ಕೇಳಿದರು, ಏನೂ ಕೊಳ್ಳಲಿಲ್ಲ. ಕೊನೆಗೆ ಒಂದು ಚಾಕು ತೆಗೆದು ನನ್ನ ಮುಂದೆ ಇಟ್ಟರು. ವಜೀರಾಬಾದ್ ಎಂದು ಊರ ಹೆಸರಿತ್ತು, ಅದರ ಕೆಳಗೆ ಇಂಡಿಯಾ ಎಂದಿತ್ತು. ವಜೀರಾಬಾದ್ ಪಂಜಾಬಿನಲ್ಲಿ ಚಾಕು ಮಾಡುವ ಊರು. ದೇಶ ಇಬ್ಭಾಗವಾದಾಗ ಆ ಕಡೆ ಉಳಿಯಿತು. ಆದ್ದರಿಂದ ಚಾಕು ಅದಕ್ಕಿಂತ ಮೊದಲಿನದು.

"ಪಾಕಿಸ್ತಾನದ್ದರಿ. ಆದ್ರ ಪಾಕಿಸ್ತಾನ ಆಗೂಕಿಂತ ಮೊದಲಿಂದು."

"ಇಂಡಿಯಾ ಅಂತ ಬರದೈತಲ್ಲೋ ತಮ್ಮಾ?"

"ಆವಾಗ ಇಂಡಿಯಾದಾಗ ಇತ್ತರಿ. ಆಮ್ಯಾಲೆ ಊರು ಆ ಕಡೆ ಹೋತು."

"ಊರು ಹ್ಯಾಂಗ ಹೋಗತೈತಿ? ಅದಕ್ಕೇನು ಕಾಲು ಅದಾವೇನು?"

ಗಾದಿಯ ಮೇಲೆ ಕುಳಿತಿದ್ದ ನಮ್ಮ ಸಾಹುಕಾರರು ತಲೆ ಎತ್ತಿದರು. ರಾಜ್ಯಗಳನ್ನು ಭಾಷೆಯ ಪ್ರಕಾರ ಹಂಚಿ ಆಗ ತಾನೇ ಮುಗಿದಿತ್ತು.

"ಯಾಕ ಹೋಗೂದಿಲ್ರಿ? ನಾ ಇದ ಗಾದಿ ಮ್ಯಾಲೆ ಕುಂತಾವ ಕುಂತಾಂಗ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕ ಬಂದೀನಿ. ಬಸ್ಸಿನ ತಿಕೀಟ ಸುದ್ದಾ ತಗಸಲಿಲ್ಲ."

೩. ನರಗುಂದದ ಪಡಸಾಲೆ

ಆ ವ್ಯಾಪಾರಿ ಬಂದದ್ದು ಬೀಗಕ್ಕಲ್ಲ, ನನ್ನನ್ನು ನೋಡಲು. ಅವರು ನರಗುಂದದ ಒಂದು ಹುಡುಗಿಯ ಸೋದರಮಾವ. "ಹುಡುಗ ಖರೇ ಪರೀಕ್ಷಾ ಮಾಡತಾನ" ಎಂದು ಅಲ್ಲಿ ಹೇಳಿದ್ದರಿಂದ ನಮಗೆ ಕರೆ ಬಂತು.

ಹುಡುಗಿಯ ತಂದೆ ಹತ್ತಿಯ ವ್ಯಾಪಾರಿ. ಅವಲಕ್ಕಿ ಆಯಿತು, ಚಹಾ ಆಯಿತು. ಹುಡುಗಿ ಬಂದು ಕುಳಿತಳು. ನಾನು ಇನ್ನೂ ಸರಿಯಾಗಿ ನೋಡಿರಲಿಲ್ಲ, ಅಷ್ಟರಲ್ಲಿ ಆಕೆಯ ತಂದೆ ಕಿಸೆಯಿಂದ ಕರಿ ಕೋಡಿನ ಹಿಡಿಯ ಚಾಕು ತೆಗೆದರು.

"ಇದು ನಮ್ಮ ಅಪ್ಪಗ ಕಲೆಕ್ಟರ್ ಸಾಹೇಬ ಸ್ವತಾ ಕೊಟ್ಟ ವಿಲಾಯತಿ ಚಾಕು. ನೋಡಿ ಹೇಳ್ರಿ."

ಪಡಸಾಲೆಯಲ್ಲಿದ್ದ ಹಿರಿಯರೆಲ್ಲ ಮುಂದೆ ಬಾಗಿದರು. ನಾನು ಅಲಗು ಬಿಚ್ಚಿದೆ. ಬುಡದಲ್ಲಿ 'ಆಕ್ಯುಪೈಡ್ ಜಪಾನ್' ಎಂದಿತ್ತು. ಯುದ್ಧದಲ್ಲಿ ಸೋತ ಜಪಾನು ಅಮೆರಿಕದವರ ಕೈಯಲ್ಲಿದ್ದ ಕೆಲವು ವರ್ಷ ಮಾತ್ರ ಈ ಅಚ್ಚು ಹೊಡೆಯುತ್ತಿದ್ದರು. ಅಂದರೆ ಚಾಕುವಿಗೆ ಹತ್ತು ವರ್ಷದ ಆಸುಪಾಸು. ಅದನ್ನು ಕೊಟ್ಟರೆನ್ನುವ ಸಾಹೇಬನೂ ಪಡೆದರೆನ್ನುವ ಹುಡುಗಿಯ ಅಜ್ಜನೂ ಅದು ತಯಾರಾಗುವ ಎಷ್ಟೋ ಮೊದಲೇ ತೀರಿಕೊಂಡಿದ್ದರು. ಇದನ್ನು ಹೇಳಿದರೆ ಹೆಣ್ಣು ಸಿಗುವುದಿಲ್ಲ. ಹೇಳದಿದ್ದರೆ ನಾನು ಮತ್ತೆ ಮೊಳೆ ತೂಗುವವನೇ. ನಡುಮನೆಯ ಬಾಗಿಲ ಹಿಂದೆ ಯಾರೋ ಜೋರಾಗಿ ಕೆಮ್ಮಿದರು.

"ಹಡಗಿನ್ಯಾಗ ಬಂದದ್ದು ಖರೇರಿ," ಅಂದೆ.

"ಯಾವ ಕಾಲದ್ದು?"

"ಯುದ್ಧದ ಕಾಲದ್ದರಿ."

"ಯಾವ ಯುದ್ಧ?" ಎಂದರು ಒಬ್ಬ ಹಿರಿಯರು.

"ಭಾಳ ದೊಡ್ಡ ಯುದ್ಧರಿ."

ಹುಡುಗಿಯ ತಂದೆ ಚಾಕು ಮಡಚಿ ಕಿಸೆಗೆ ಹಾಕಿ, "ಹುಡುಗ ಶ್ಯಾಣ್ಯಾ ಅದಾನ. ತಾಂಬೂಲ ತರ್ರಿ" ಅಂದರು.

ತಾಂಬೂಲ ಕೊಡುವಾಗ ಹುಡುಗಿಯ ತಾಯಿ ಮೆಲ್ಲಗೆ ಹೇಳಿದರು: "ಕೆಮ್ಮಿದಾಕಿ ನಾನ. ಅಸಲಿ ಚಾಕು ನನ್ನ ಕೈಯಿಂದ ಬಾವ್ಯಾಗ ಬಿತ್ತಪಾ. ಅಂಥದ್ದ ಒಂದು ತರಸಿ ಇವರ ಕಿಸೆದಾಗ ಇಟ್ಟೀನಿ. ಇವರಿಗೆ ಹೇಳಬ್ಯಾಡ."

ಬಸ್ ಸ್ಟ್ಯಾಂಡಿನ ತನಕ ಕಳಿಸಲು ಬಂದ ಹುಡುಗಿಯ ತಂದೆ ನನ್ನನ್ನು ಒಂದು ಬದಿಗೆ ಕರೆದರು. "ಇದು ನಾನ ಹುಬ್ಬಳ್ಳ್ಯಾಗ ಕೊಂಡದ್ದರಿ. ಅಪ್ಪನ ಚಾಕು ಹೊಳೆಆಲೂರಾಗ ಹೊಳಿ ಪಾಲಾತು. ನೀವು ನಾಲ್ಕು ಮಂದ್ಯಾಗ ನನ್ನ ಮಾನ ಕಳೀತೀರೋ ಉಳಸತೀರೋ ನೋಡಿದೆ. ಮನ್ಯಾಗ ಆಕಿಗೆ ಹೇಳಬ್ಯಾಡ್ರಿ."

ಹೊಳೆ ಪಾಲಾದದ್ದು ಅಪ್ಪನ ಚಾಕುವಲ್ಲ, ಹೆಂಡತಿ ತಂದಿಟ್ಟದ್ದು ಎಂದು ಅವರಿಗೆ ಯಾರು ಹೇಳಬೇಕು? ನಾನಂತೂ ಹೇಳಲಿಲ್ಲ. ಮದುವೆ ಚಲೋ ಆಯಿತು.

ಮದುವೆಯಾಗಿ ಕೆಲವು ದಿನದ ಮೇಲೆ, ಗಂಡ ಹೆಂಡತಿಯ ನಡುವೆ ಮುಚ್ಚುಮರೆ ಇರಬಾರದೆಂದು ಈ ಎರಡೂ ಗುಟ್ಟನ್ನು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಬಾವ್ಯಾಗ ಬಿದ್ದದ್ದೂ ಅಸಲಿ ಅಲ್ಲರಿ," ಅಂದಳು. "ಅಸಲಿದನ್ನ ನಾ ಸಣ್ಣಾಕಿದ್ದಾಗ ಪೆನ್ಸಿಲ್ ಚೂಪ ಮಾಡಾಕ ಸಾಲಿಗೆ ಒಯ್ದು ಕಳದಿದ್ದೆ. ನಮ್ಮ ಅಜ್ಜಿ ತನ್ನ ಅಡಕಿ ಚೀಲದಾಗಿನ ಚಾಕು ಆ ಜಾಗಾಕ್ಕ ಇಟ್ಟಳು. ನಮ್ಮ ಅಪ್ಪಗ, ಅವ್ವಗ ಹೇಳಿಗೀಳೀರಿ ಮತ್ತ."