ಅತ್ತೆಯ ಸುಣ್ಣ, ಶಾಲೆಯ ಬಸವನಹುಳು

ಬಸವನಹುಳು ಸಾಕುವುದೂ ಒಂದು ಕೆಲಸವೇ? ಅದು ಬೊಗಳುವುದಿಲ್ಲ, ಕಚ್ಚುವುದಿಲ್ಲ, ವಾಕಿಂಗ್‌ಗೆ ಕರೆದುಕೊಂಡು ಹೋಗೆಂದು ಹಟ ಹಿಡಿಯುವುದಿಲ್ಲ. ಹಾಗಾಗಿ ಮಗಳು ಅನ್ವಿ ಅಕ್ಟೋಬರ್ ರಜೆಗೆ ತನ್ನ ತರಗತಿಯ ಬಸವನಹುಳು ಬ್ರಾಮ್‌ನನ್ನು ನೀರು ತುಂಬಿದ ಪುಟ್ಟ ಗಾಜಿನ ತೊಟ್ಟಿಯ ಸಮೇತ ಪರದೇಶದ ರೈಸ್‌ವೈಕ್ ಊರಿನ ನಮ್ಮ ಮನೆಗೆ ತಂದಾಗ, "ಅಪ್ಪ ನೋಡ್ಕೋತಾನೆ ಬಿಡು ಪುಟ್ಟಾ" ಎಂದು ಎದೆಯುಬ್ಬಿಸಿದೆ. ಈ ಸರದಿಗಾಗಿ ಮಗು ಶಾಲೆ ಶುರುವಾದಾಗಿನಿಂದ ಕಾದಿತ್ತು.

ಬ್ರಾಮ್‌ನ ಚಿಪ್ಪಿನ ಮೇಲೆ ಅಲ್ಲಲ್ಲಿ ಬಿಳಿ ಕಲೆಗಳಿದ್ದವು. ಕ್ಯಾಲ್ಸಿಯಂ ಸಾಲದು, ಬೇಯಿಸಿದ ಮೊಟ್ಟೆಯ ಸಿಪ್ಪೆ ಹಾಕಿ ಎಂದು ಟೀಚರ್ ಹೇಳಿ ಕಳಿಸಿದ್ದರು.

"ಮೊಟ್ಟೆಯಾ? ನಾನಿರುವಾಗ ಈ ಅಡಿಗೆಮನೆಗಾ?" ಎಂದರು ಉಡುಪಿಯಿಂದ ಬಂದಿದ್ದ ಅತ್ತೆ.

ಎಂಜಿನಿಯರ್ ತಲೆ ಸುಮ್ಮನಿರುತ್ತದೆಯೇ! ಅತ್ತೆಯ ಎಲೆಯಡಿಕೆ ಡಬ್ಬಿಯಲ್ಲಿ ಸುಣ್ಣವಿತ್ತು. ಊರಲ್ಲಿ ಚಿಪ್ಪು ಸುಟ್ಟು ಮಾಡಿದ ಅಸಲಿ ಸುಣ್ಣ. ಚಿಪ್ಪಿನಿಂದ ಸುಣ್ಣವಾಗುವುದಾದರೆ ಸುಣ್ಣದಿಂದ ಚಿಪ್ಪೇಕೆ ಆಗಬಾರದು? ಡಬ್ಬಿ ಕೆರೆದು ಇದ್ದಷ್ಟನ್ನೂ ತೊಟ್ಟಿಗೆ ಹಾಕಿದೆ.

ನೀರು ಹಾಲಾಯಿತು. ಬ್ರಾಮ್ ಕಾಣೆಯಾದ!

"ಎಂತ ಹಾಕಿದ್ರಿ ಮಾರಾಯ್ರೆ?" ಅತ್ತೆ ಖಾಲಿ ಡಬ್ಬಿ ಹಿಡಿದು ಬಂದರು. "ಸುಣ್ಣ ಒಂಚೂರು ಜಾಸ್ತಿಯಾದ್ರೆ ನಮ್ಮ ನಾಲಿಗೆಯೇ ಸುಡ್ತದೆ. ಅದಕ್ಕೆ ಮೈಯೆಲ್ಲ ನಾಲಿಗೆಯೇ ಅಲ್ವಾ!"

ನಾನು ಬೆವೆತೆ. ಸುಣ್ಣ ಕ್ಷಾರ, ಕ್ಷಾರಕ್ಕೆ ಆಮ್ಲ ಮದ್ದು. ಹೈಸ್ಕೂಲಿನ ವಿಜ್ಞಾನವನ್ನು ಭಕ್ತಿಯಿಂದ ಸ್ಮರಿಸಿ ಎರಡು ನಿಂಬೆಹಣ್ಣು ಹಿಂಡಿದೆ.

"ರೀ, ಹುಳಿಗೆ ಚಿಪ್ಪೇ ಕರಗ್ತದಲ್ಲ?" ಎಂದಳು ಹೆಂಡತಿ ಸೌಮ್ಯ.

ಆ ಪಾಠದ ದಿನ ನಾನು ಶಾಲೆಗೆ ಹೋಗಿರಲಿಲ್ಲವೆಂದು ಕಾಣುತ್ತದೆ.

ತೊಟ್ಟಿಯನ್ನೆತ್ತಿ ಅಕ್ಕಿ ತೊಳೆಯುವ ಜರಡಿಗೆ ಸುರಿದೆ. ಕಲ್ಲು ಬಂತು, ಪಾಚಿ ಬಂತು, ನಿಂಬೆಬೀಜ ಬಂತು. ಬ್ರಾಮ್ ಬರಲಿಲ್ಲ.

"ಪಪ್ಪಾ, ಈಸ್ ಹಿ ಡೆಡ್?" ಅನ್ವಿ ಬಾಗಿಲಲ್ಲಿ ನಿಂತಿದ್ದಳು.

ಕರಗಿಯೇ ಹೋದನೆಂದು ನನಗೂ ಖಾತ್ರಿಯಾಗಿತ್ತು. ಮಗುವಿನ ಮುಖ ನೋಡಲಾಗದೆ ಸುಮ್ಮನೆ ನಲ್ಲಿ ತಿರುಗಿಸಿದೆ. ನಿಜಕ್ಕೂ ಅಳು ಬಂತು.

ಅತ್ತೆ ನಿಟ್ಟುಸಿರು ಬಿಟ್ಟು, ತೊಟ್ಟಿ ಇದ್ದ ಜಾಗದ ಪಕ್ಕದಲ್ಲೇ ಒದ್ದೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ವೀಳ್ಯದೆಲೆಯ ಕಟ್ಟನ್ನು ಕೈಗೆತ್ತಿಕೊಂಡರು. ಬಟ್ಟೆಯ ಮಡಿಕೆಯೊಳಗೆ, ತಂಪಾಗಿ, ಬ್ರಾಮ್! ಸುಣ್ಣ ಬಿದ್ದದ್ದೇ ತಡ, ಗಾಜು ಹತ್ತಿ ಇಳಿದು ಪರಾರಿಯಾಗಿದ್ದ. ಬಸವನಹುಳು ನಿಧಾನ ಎಂದವರು ಯಾರು?

"ಈ ಮನೆಯಲ್ಲಿ ಬುದ್ಧಿ ಉಂಟು ಅಂತಾದ್ರೆ ಇದಕ್ಕೆ ಮಾತ್ರ" ಎಂದ ಅತ್ತೆ, ಸುಣ್ಣವಿಲ್ಲದ ಎಲೆಯನ್ನು ಜಗಿಯುತ್ತಾ ನನ್ನನ್ನೇ ನೋಡಿದರು.

ರಜೆ ಮುಗಿದು ಬ್ರಾಮ್ ಜೀವಸಹಿತ ಶಾಲೆಗೆ ಮರಳಿದ. ಕ್ರಿಸ್‌ಮಸ್ ರಜೆಗೆ ಟೀಚರ್ ನಮ್ಮ ಮನೆಗೆ ಕಳಿಸಿದ್ದು ಒಂದು ಕಳ್ಳಿಗಿಡ.

"ಇದಕ್ಕೆ ಏನು ಹಾಕ್ಬೇಕು ಪುಟ್ಟಾ?" ಎಂದೆ, ಉತ್ಸಾಹದಿಂದ.

ಅನ್ವಿ ಮುಳ್ಳನ್ನೂ ಲೆಕ್ಕಿಸದೆ ಗಿಡವನ್ನು ಎದೆಗವಚಿಕೊಂಡು ಅಜ್ಜಿಯ ಕೋಣೆಗೆ ಓಡಿದಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.