ಎರವಲು ಹೋದ ಮುಖ

ಕೊಟ್ಟು ತರುವುದರಲ್ಲಿ ನಮ್ಮ ಕೇರಿಯವರನ್ನು ಮೀರಿಸುವವರು ಹೊಸನಗರ ತಾಲ್ಲೂಕಿನಲ್ಲೇ ಇರಲಾರರು. ಇಡೀ ಕೇರಿಗೆ ಒಂದು ಏಣಿ, ಒಂದು ಶಾವಿಗೆ ಒರಳು, ಮದುವೆಮನೆಗೆ ಹಾಕಿಕೊಂಡು ಹೋಗಲು ಒಂದು ಕೋಟು. ಏಣಿ ನಮ್ಮದು, ಒರಳು ಪಕ್ಕದ ಮನೆಯ ಗಿರಿಜಕ್ಕನದು, ಕೋಟು ಯಾರದೆಂದು ಈಗ ಯಾರಿಗೂ ನೆನಪಿಲ್ಲ. ಕೆಲಸದಲ್ಲಿದ್ದಾಗ ನಾನು ಕೊಟ್ಟಿಗೆ ಕೊಟ್ಟಿಗೆಗೆ ಹೊತ್ತು ತಿರುಗಿದ ರೆಕ್ಸಿನ್ ಏರ್ ಬ್ಯಾಗು ನಾನಿಲ್ಲದೆ ಕಾಶಿಗೂ ಹೋಗಿ ಬಂದಿದೆ. ಈ ವ್ಯವಹಾರಕ್ಕೆ ಎರಡೇ ಕಟ್ಟಳೆ. ಎರವಲು ತಂದದ್ದನ್ನು ಖಾಲಿ ಹಿಂದಿರುಗಿಸಬಾರದು, ಜೊತೆಗೆ ನಾಲ್ಕು ಬಾಳೆಹಣ್ಣಾದರೂ ಇರಬೇಕು. ಇನ್ನೊಂದು, ಕೊಟ್ಟವರು ‘ಮನೆಗೆ ಬೇಕಾಗಿತ್ತು’ ಎಂದರೆ ತಂದವರು ಮರುಮಾತಾಡಬಾರದು. ಏಣಿಯ ಮೇಲೆ ಜನ ಇದ್ದರೂ ಇಳಿಸಿ ಕೊಡಬೇಕು. ಇಷ್ಟು ಚೆಂದದ ಪದ್ಧತಿ ನನ್ನನ್ನು ಜೈಲಿನ ಬಾಗಿಲವರೆಗೆ ಕರೆದೊಯ್ಯುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮೊದಲು ನನ್ನ ಪಾಸ್‌ಪೋರ್ಟಿನ ಕಥೆ ಹೇಳಬೇಕು. ನಾನು ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರನಾಗಿ ನಿವೃತ್ತನಾದವನು. ಊರವರ ಬಾಯಲ್ಲಿ ದನದ ಡಾಕ್ಟ್ರು. ಸಾಗರದಲ್ಲಿದ್ದಾಗ, ಇಲಾಖೆಯವರು ಕೆಲವರನ್ನು ನ್ಯೂಜಿಲೆಂಡಿಗೆ ದನ ನೋಡಲು ಕಳಿಸುತ್ತಾರಂತೆ ಎಂದು ಒಂದು ಸುದ್ದಿ ಹುಟ್ಟಿತು. ಬೇರೆಯವರು ಅದು ನಿಜವೋ ಸುಳ್ಳೋ ಎಂದು ವಿಚಾರಿಸುತ್ತಿರುವಾಗಲೇ ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿಬಿಟ್ಟೆ. ಫೋಟೋ ತೆಗೆಯುವ ದಿನ ಬೆಳಿಗ್ಗೆ ಸಾಗರದ ಸಲೂನಿನಲ್ಲಿ ಕೂತು ತಲೆಗೂ ಮೀಸೆಗೂ ಬಣ್ಣ ಬಳಿಸಿಕೊಂಡೆ. ನ್ಯೂಜಿಲೆಂಡಿನ ದನಗಳ ಮುಂದೆ ಮುದುಕನ ಹಾಗೆ ಕಾಣಬಾರದಲ್ಲ! ಪಾಸ್‌ಪೋರ್ಟು ಬಂತು, ಸುದ್ದಿ ಸತ್ತಿತು. ಆಮೇಲೆ ನನ್ನ ಕೂದಲು ಉದುರಿತು, ಉಳಿದದ್ದು ಬೆಳ್ಳಗಾಯಿತು, ಮೀಸೆ ಬೋಳಿಸಿದೆ, ಹಲ್ಲಿನ ಸೆಟ್ಟು ಬಂತು. ಪಾಸ್‌ಪೋರ್ಟಿನೊಳಗಿನ ಮುಖ ಮಾತ್ರ ನನ್ನ ಹೆಂಡತಿ ಸರೋಜಳ ರೇಷ್ಮೆ ಸೀರೆಗಳ ಅಡಿಯಲ್ಲಿ, ನುಸಿಗುಳಿಗೆಯ ವಾಸನೆ ಕುಡಿಯುತ್ತ, ಕೆಡದೆ ಉಳಿಯಿತು.

ಮೊನ್ನೆ ಬೇಸಿಗೆಯಲ್ಲಿ ಬ್ಯಾಂಕಿನವರು ಯಾವುದೋ ಗುರುತಿನ ದಾಖಲೆ ಕೇಳಿದರೆಂದು ಟ್ರಂಕು ತೆರೆದೆ. ಸೀರೆಗಳಿದ್ದವು, ಗುಳಿಗೆಗಳಿದ್ದವು, ಪಾಸ್‌ಪೋರ್ಟಿರಲಿಲ್ಲ.

“ಅದಾ? ಗಿರಿಜಕ್ಕನ ತಮ್ಮ ಮಂಜುಗೆ ಕೊಟ್ಟೆ,” ಎಂದಳು ಸರೋಜ. ಬೆಂಡೆಕಾಯಿ ಹೆಚ್ಚುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

“ಪಾಸ್‌ಪೋರ್ಟ್ ಯಾರಾದ್ರೂ ಎರವಲು ಕೊಡ್ತಾರೇನೇ!”

“ಟ್ರಂಕಲ್ಲಿ ಸುಮ್ನೆ ಬಿದ್ದಿತ್ತಲ್ರೀ. ಮಸ್ಕತ್ತಿಗೆ ಹೋಗೋಕೆ ಬೇಕು ಅಂದ. ವಾಪಸ್ ಕೊಡ್ತಾನೆ ಬಿಡಿ. ಏಣಿ ಒಯ್ದಿದ್ದು ಕೊಡ್ಲಿಲ್ವಾ?”

ಬೇರೆಯವರ ಪಾಸ್‌ಪೋರ್ಟಿನಲ್ಲಿ ವಿಮಾನ ಹತ್ತಲು ಹೋಗಿ ಸಿಕ್ಕಿಬಿದ್ದವರ ಸುದ್ದಿಯನ್ನು ಕಾಫಿ ಕುಡಿಯುತ್ತ ಓದಿದವನು ನಾನು. ಓದಿ, ‘ಎಂಥಾ ಕಾಲ ಬಂತಪ್ಪಾ’ ಎಂದು ಲೊಚಗುಟ್ಟಿದವನೂ ನಾನೇ. ಆ ಕಾಲ ನಮ್ಮ ಟ್ರಂಕಿಗೇ ಬಂದಿದೆ ಎಂದರೆ! ಓಡಿಹೋಗಿ ಗಿರಿಜಕ್ಕನನ್ನು ಕೇಳಿದೆ. ಅವಳು ಏನೂ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಅದರಲ್ಲೇನಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಮಾಸ್ತಿಕಟ್ಟೆಯ ಮಂಜು ಒಳ್ಳೆಯ ಅಡುಗೆಯವನು. ಮಸ್ಕತ್ತಿನ ಹೋಟೆಲೊಂದರಲ್ಲಿ ಕೆಲಸ ಗೊತ್ತಾಗಿದೆ. ಆದರೆ ಎಂದೋ ಬೈಕು ಡಿಕ್ಕಿ ಹೊಡೆದ ಕೇಸು ಕೋರ್ಟಿನಲ್ಲಿರುವುದರಿಂದ ಅವನಿಗೆ ಪಾಸ್‌ಪೋರ್ಟು ಸಿಕ್ಕಿಲ್ಲ. ತೀರ್ಥಹಳ್ಳಿಯ ಏಜೆಂಟನೊಬ್ಬ, ‘ನಿನ್ನ ಮುಖಕ್ಕೆ ಹೋಲುವ ಪಾಸ್‌ಪೋರ್ಟು ಎಲ್ಲಿಂದಾದರೂ ತಾ, ಉಳಿದದ್ದು ನನಗೆ ಬಿಡು’ ಎಂದನಂತೆ.

“ನಿಮ್ಮ ಫೋಟೋ ಥೇಟ್ ನಮ್ ಮಂಜುನೇ ಡಾಕ್ಟ್ರೇ,” ಎಂದಳು ಗಿರಿಜಕ್ಕ ಅಭಿಮಾನದಿಂದ. “ಅವಧಿನೂ ಇನ್ನೂ ಇದೆಯಂತೆ. ನಾಳೆನೇ ವಿಮಾನ.”

ತಕ್ಷಣ ತೀರ್ಥಹಳ್ಳಿ ಬಸ್ಸು ಹತ್ತಿ, ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನಾಳೆಯಿಂದ ಮಸ್ಕತ್ತಿನಲ್ಲಿ ಒಬ್ಬ ನಾನು, ಹೊಸನಗರದಲ್ಲಿ ಒಬ್ಬ ನಾನು. ಅಲ್ಲಿಯ ನಾನು ಯಾರಿಗಾದರೂ ಹೊಡೆದರೆ ಇಲ್ಲಿಯ ನನಗೆ ಬೇಡಿ. ಅಲ್ಲಿಯ ನಾನು ಸತ್ತರೆ ಇಲ್ಲಿಯ ನನ್ನ ಪಿಂಚಣಿ ನಿಲ್ಲುತ್ತದೆ. ಬದುಕಿದ್ದೇನೆ ಎಂದು ಖಜಾನೆಯವರನ್ನು ನಂಬಿಸುವುದು ಎಷ್ಟು ಕಷ್ಟವೆಂದು ಪ್ರತಿ ವರ್ಷ ಅನುಭವಿಸುತ್ತಿರುವವನು ನಾನು. ಇನ್ನು ಮಂಜು ಸಿಕ್ಕಿಬಿದ್ದನೋ, ಅವನೂ ಒಳಗೆ, ನಾನೂ ಒಳಗೆ. ಬೆಂಡೆಕಾಯಿ ಹೆಚ್ಚುತ್ತಿದ್ದವಳು ಮಾತ್ರ ಹೊರಗೆ.

ಏಜೆಂಟನ ಕೋಣೆ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ಮಂಜುವಿನ ದನಿ ಕೇಳಿಸಿತು. ಕಣ್ಣು ಮುಚ್ಚಿಕೊಂಡು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದ. “ಹೆಸರು ಶ್ರೀಧರಮೂರ್ತಿ. ಅಪ್ಪ ವೆಂಕಟಾಚಲಯ್ಯ. ಹೆಂಡ್ತಿ ಸರೋಜ.”

ಹೆಸರು ಹೋಗಲಿ, ಸತ್ತು ಸ್ವರ್ಗದಲ್ಲಿರುವ ನನ್ನ ಅಪ್ಪನನ್ನೂ ಬಿಡಲಿಲ್ಲವಲ್ಲ! ಹೆಂಡತಿಯ ವಿಚಾರ ನಾನು ಹೇಳುವುದೇ ಬೇಡ. ಒಳಗೆ ನುಗ್ಗಿ ಕಾನೂನು, ಪೊಲೀಸು, ಜೈಲು ಎಂದು ಕೂಗಾಡಿದೆ. ಏಜೆಂಟ್ ಇಸ್ತ್ರಿ ಶರಟಿನ ಶಾಂತ ಮನುಷ್ಯ. ಪಾಸ್‌ಪೋರ್ಟು ಬಿಡಿಸಿ ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ.

“ಇದು ನಿಮ್ದಾ? ಎಲ್ಲೂ ಹೋಲಲ್ವಲ್ಲ ಸಾರ್. ಯಾರೋ ಬಂದು ನಂದು ಅಂದ್ರೆ ಕೊಟ್ಟುಬಿಡೋಕಾಗುತ್ತಾ? ಇದು ಪಾಸ್‌ಪೋರ್ಟು, ಹುಡುಗಾಟ ಅಲ್ಲ.”

ಕಳ್ಳವ್ಯಾಪಾರದವನು ನನ್ನ ಗುರುತು ಪರೀಕ್ಷಿಸಿ ನಪಾಸು ಮಾಡಿದ್ದ! ಮಂಜು ಪಾಪ, ನೆಲ ನೋಡುತ್ತಿದ್ದ. “ಏನೂ ಆಗಲ್ಲ ಅಂದಿದಾರೆ ಡಾಕ್ಟ್ರೇ. ಈ ಕೆಲಸ ತಪ್ಪಿದ್ರೆ ನಂಗೆ ಬೇರೆ ಗತಿ ಇಲ್ಲ,” ಎಂದ. ಬೇರೆ ದಾರಿ ಕಾಣದೆ ಸರೋಜಳಿಗೆ ಫೋನು ಹಚ್ಚಿ, ನಡೆದದ್ದನ್ನು ಹೇಳಿ, ಸ್ಪೀಕರಿಗೆ ಹಾಕಿದೆ.

“ಮಂಜು,” ಎಂದಳು ಅವಳು, “ಆ ಪಾಸ್‌ಪೋರ್ಟು ಮನೆಗೆ ಬೇಕಾಗಿತ್ತು ಕಣೋ.”

ಮಂಜು ತಟ್ಟನೆ ಎದ್ದ. ಜೈಲಿಗೆ ಹೆದರದವನು ಈ ಮಾತಿಗೆ ಬಗ್ಗಿದ. “ಕೊಡಿ ಸಾರ್, ಅವ್ರ ಮನೆಗೆ ಬೇಕಂತೆ,” ಎಂದು ಏಜೆಂಟನ ಕೈಯಿಂದ ಪಾಸ್‌ಪೋರ್ಟು ಕಿತ್ತುಕೊಂಡ. ಏಜೆಂಟ್ ತನ್ನ ಅಷ್ಟು ವರ್ಷದ ಅನುಭವದಲ್ಲಿ ಇಂಥ ಕಾರಣ ಕೇಳಿರಲಿಕ್ಕಿಲ್ಲ. ಕೆಳಗಿಳಿದ ಮೇಲೆ ಮಂಜು ನನ್ನನ್ನು ನಿಲ್ಲಿಸಿ, ಎದುರಿನ ಅಂಗಡಿಯಿಂದ ಅರ್ಧ ಕೆಜಿ ಜಿಲೇಬಿ ಕಟ್ಟಿಸಿ ತಂದ. ಪೊಟ್ಟಣದ ಮೇಲೆ ಪಾಸ್‌ಪೋರ್ಟಿಟ್ಟು, “ಖಾಲಿ ಕೊಡಬಾರ್ದಲ್ಲ,” ಎಂದ. ಅವನ ಕಣ್ಣು ತುಂಬಿತ್ತು. ನನಗೂ ಸಂಕಟವಾಯಿತು. ಆ ಜಿಲೇಬಿಯನ್ನು ತಿನ್ನಲಾರದೆ ತಿಂದೆ.

ಪೊಲೀಸರಿಗೂ ಹೇಳಿದೆ. ಅವರು ಹೋಗುವಷ್ಟರಲ್ಲಿ ಮಹಡಿಗೆ ಬೀಗ ಬಿದ್ದಿತ್ತು. ನನ್ನ ಕೈಯಲ್ಲಿ ಎಮ್ಮೆಗೆ ಔಷಧ ಮಾಡಿಸಿಕೊಂಡ ವಕೀಲರೊಬ್ಬರನ್ನು ಹಿಡಿದು ಮಂಜುವಿನ ಬೈಕಿನ ಕೇಸು ಇತ್ಯರ್ಥ ಮಾಡಿಸಿದೆವು. ಅವನಿಗೆ ಅವನದೇ ಹೆಸರಿನ, ಅವನದೇ ಅಪ್ಪನಿರುವ ಪಾಸ್‌ಪೋರ್ಟು ಬಂತು. ಮಸ್ಕತ್ತಿನವರೂ ಪುಣ್ಯಕ್ಕೆ ಕಾದಿದ್ದರು. ಹೊರಡುವ ಮುನ್ನ ಕಾಲಿಗೆ ಬೀಳಲು ಬಂದವನಿಗೆ ನಾನೇ ಕೈಯಾರೆ ನನ್ನ ಏರ್ ಬ್ಯಾಗು ಕೊಟ್ಟು, “ವಿಮಾನ ಅಂದ್ರೆ ನಮ್ ಕೇರಿ ಅಲ್ಲ. ಯಾರು ಏನು ಕೊಟ್ರೂ ತಗೋಬೇಡ,” ಎಂದು ಉಪದೇಶ ಮಾಡಿದೆ.

ಮರುದಿನ ಮಧ್ಯಾಹ್ನ ವಿಮಾನ ನಿಲ್ದಾಣದಿಂದಲೇ ಫೋನು. ಮಾತಾಡಿದವರು ತಪಾಸಣೆಯ ಅಧಿಕಾರಿ, ಕನ್ನಡದವರು. ಬ್ಯಾಗಿನ ತಳದ ರಟ್ಟಿನ ಕೆಳಗೆ ಗೇಣುದ್ದದ ಚೂಪಾದ ಆಯುಧ ಸಿಕ್ಕಿದೆ, ಬ್ಯಾಗು ನಿಮ್ಮದಂತೆ, ಏನಿದು?

ಹೊಟ್ಟೆಯುಬ್ಬರಿಸಿದ ದನಕ್ಕೆ ಚುಚ್ಚಿ ಗಾಳಿ ಬಿಡಿಸುವ ನನ್ನ ದಬ್ಬಳ! ಕಳೆದೇಹೋಯಿತೆಂದು ಕೈಬಿಟ್ಟಿದ್ದ ಅದು ಯಾರ ಕಣ್ಣಿಗೂ ಬೀಳದೆ ಕಾಶಿಯಾತ್ರೆ ಮುಗಿಸಿ ಬಂದಿತ್ತು. ತೊದಲುತ್ತ ವಿವರಿಸಿದೆ. “ನಿಮ್ಮ ಗುರುತಿನ ದಾಖಲೆ ಕಳಿಸಿ,” ಎಂದರು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದು ಪಾಸ್‌ಪೋರ್ಟು. ಅದರ ಚಿತ್ರ ತೆಗೆದು ಕಳಿಸಿದೆ.

ಅವರು ಅದನ್ನು ತೆರೆದು ನೋಡಿದರು. ಆಮೇಲೆ ಅಧಿಕಾರಿಯ ದನಿಯೇ ಬದಲಾಗಿತ್ತು. “ಈ ಫೋಟೋದಲ್ಲಿರೋ ಮನುಷ್ಯ ಇಲ್ಲಿ ನನ್ನೆದುರೇ ನಿಂತಿದಾನಲ್ರೀ! ಒಬ್ಬನಿಗೆ ಎರಡು ಹೆಸರಲ್ಲಿ ಎರಡು ಪಾಸ್‌ಪೋರ್ಟಾ? ಮಾತಾಡ್ತಿರೋ ನೀವು ಯಾರು?”

ವಿಡಿಯೋ ಕಾಲಿನಲ್ಲಿ ನನ್ನ ಬೋಳುತಲೆ ತೋರಿಸಿದೆ, ಅವರು ನಂಬಲಿಲ್ಲ. ಕೊನೆಗೆ ಸರೋಜ ಫೋನು ಕಿತ್ತುಕೊಂಡು, “ಇವ್ರೇ ಸಾರ್ ನಮ್ಮನೆಯವ್ರು. ಆವಾಗ ನ್ಯೂಜಿಲೆಂಡಿಗೆ ಹೋಗ್ತೀನಿ ಅಂತ ತಲೆಗೆ ಬಣ್ಣ ಬಳ್ಕೊಂಡಿದ್ರು,” ಎಂದು ಇಡೀ ವಿಮಾನ ನಿಲ್ದಾಣಕ್ಕೆ ಕೇಳುವಂತೆ ಸಾಕ್ಷಿ ಹೇಳಿದಳು. ಆ ಕಡೆ ಯಾರೋ ನಕ್ಕದ್ದು ಕೇಳಿಸಿತು. ಮಂಜುವೂ ನಕ್ಕನೆಂದೇ ನನ್ನ ಅನುಮಾನ.

ಅಧಿಕಾರಿಗಳು ದಬ್ಬಳ ಇಟ್ಟುಕೊಂಡು ಮಂಜುವನ್ನು ಬಿಟ್ಟರು. ಫೋನಿಡುವ ಮುಂಚೆ ನನಗೊಂದು ಬುದ್ಧಿಮಾತನ್ನೂ ಹೇಳಿದರು. “ಇವ್ರನ್ನ ಕಳಿಸ್ತೀನಿ ಸಾರ್. ಆದ್ರೆ ಆ ಪಾಸ್‌ಪೋರ್ಟ್ ಹಿಡ್ಕೊಂಡು ನೀವು ಮಾತ್ರ ಈ ಕಡೆ ಬರ್ಬೇಡಿ. ಖಂಡಿತ ಹಿಡೀತಾರೆ.”

ಪಾಸ್‌ಪೋರ್ಟು ಮತ್ತೆ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿದೆ. ಅದನ್ನು ಹಿಡಿದು ಊರಿನ ಯಾರು ಬೇಕಾದರೂ ವಿಮಾನ ಹತ್ತಬಹುದು, ನನ್ನೊಬ್ಬನನ್ನು ಬಿಟ್ಟು.